ಗೇಟಿಗೆ ಬೇವು ಕಟ್ಟಿದ ವಾರ

ನನ್ನ ತಂಗಿಯ ಕೋಳಿಗಳೆಲ್ಲ ಸತ್ತುಹೋದ ಸುದ್ದಿ ನನಗೆ ಬಸ್ಸಿನಲ್ಲಿ ತಿಳಿಯಿತು. ಕೋಳಿಗಳಿಗೆ ಮಾತ್ರ ಇನ್ನೂ ತಿಳಿದಿರಲಿಲ್ಲ.

ಹರದನಹಳ್ಳಿಯ ಶಾಲೆ ಮುಗಿಸಿಕೊಂಡು ಚಾಮರಾಜನಗರಕ್ಕೆ ಮರಳುವ ಸಂಜೆಯ ಬಸ್ಸು. (ನಾನು ಸೈನ್ಸ್ ಟೀಚರ್ ಎಂಬುದು ಈ ಅಂಕಣದ ಹಳೆಯ ಓದುಗರಿಗೆ ಗೊತ್ತು. ಹೊಸಬರಿಗೂ ಈಗ ಗೊತ್ತಾಯಿತು.) ಹಿಂದಿನ ಸೀಟಿನಲ್ಲಿ ಇಬ್ಬರು ಗಂಡಸರು ಮಾತಾಡಿಕೊಳ್ಳುತ್ತಿದ್ದರು.

"ಬೇಗೂರ್ ತಾವು ಒಂದು ಫಾರಂಗೆ ಕೋಳಿ ಜರ ಬಂದ್ಬುಟ್ಟದಂತೆ ಕಣ್ಲಾ."

"ಯಾರ್ಲಾ ಏಳಿದ್ದು?"

"ಮೊಟ್ಟೆ ಗಾಡಿಯವ್ನೇ ಟೀ ಅಂಗ್ಡೀಲಿ ಏಳ್ತಿದ್ನಂತೆ. ಗೇಟ್ ತಾವ್ಕೆ ಓಗಿ ಅಂಗೇ ತಿರುಗುಸ್ಕಂಡ್ ಬಂದ್ಬುಟ್ನಂತೆ. ಒಂದೂ ಉಳ್ದಿಲ್ವಂತೆ."

"ಅಯ್ಯೋ ಪಾಪ. ಯಾರ್ದು ಫಾರಮ್ಮು?"

"ಯಾರೋ ಎಂಗಸ್ರುದಂತೆ."

ಬೇಗೂರಿನ ಹತ್ತಿರ ಹೆಂಗಸೊಬ್ಬಳು ನಡೆಸುವ, ತಮಿಳುನಾಡಿನ ಮೊಟ್ಟೆ ಗಾಡಿ ಬಂದು ಹೋಗುವ ಫಾರಂ ನನಗೆ ಗೊತ್ತಿರುವ ಮಟ್ಟಿಗೆ ಒಂದೇ. ಅದು ನನ್ನ ತಂಗಿ ಸುಧಾಳದು. ಕೂಡಲೇ ಫೋನ್ ಮಾಡಿದೆ.

"ಸುಧಾ, ಕೋಳಿಗಳು ಹೇಗಿವೆ?"

"ಕೋಳಿಗಳಾ? ತಿಂತಾ ಇವೆ. ಏನಕ್ಕ, ಯಾವತ್ತೂ ಇಲ್ಲದ್ದು ಇವತ್ತು ನನ್ನ ಬಿಟ್ಟು ಕೋಳಿ ಯೋಗಕ್ಷೇಮ ಕೇಳ್ತಿದ್ದೀಯ?"

"ಸತ್ತಿಲ್ವಾ?"

"ಸಾಯೋದಿರಲಿ, ಒಂದೂ ತೂಕಡಿಸ್ತಾನೂ ಇಲ್ಲ. ಮೊಟ್ಟೆ ಒಯ್ಯೋ ಸೆಲ್ವಂ ಗಾಡಿ ಮಾತ್ರ ಬಂದಿಲ್ಲ ಕಣಕ್ಕ. ಬೆಳಿಗ್ಗೆಯಿಂದ ಕಾಯ್ತಿದ್ದೀನಿ. ಫೋನ್ ಮಾಡಿದ್ರೆ ಎತ್ತುತ್ತಲೂ ಇಲ್ಲ."

ನಾನು ಹಿಂದಕ್ಕೆ ತಿರುಗಿ ಆ ಇಬ್ಬರಿಗೂ, "ಕೋಳಿಗಳು ಚೆನ್ನಾಗಿವೆಯಂತೆ" ಎಂದೆ. ಅವರಿಗೆ ಸಂತೋಷವಾದ ಹಾಗೆ ಕಾಣಲಿಲ್ಲ. ಒಳ್ಳೆಯ ಸುದ್ದಿಯೊಂದನ್ನು ಹಾಳು ಮಾಡಿದವಳನ್ನು ನೋಡುವ ಹಾಗೆ ನನ್ನನ್ನು ನೋಡಿ ಕಿಟಕಿಯ ಕಡೆ ತಿರುಗಿದರು.

ಇಲ್ಲಿ ಸ್ವಲ್ಪ ಹಿಂದಿನ ಕತೆ ಹೇಳಬೇಕು. ಸುಧಾ ಮದುವೆಯಾಗಿ ಹೋದದ್ದು ಬೇಗೂರಿಗೆ. ಗಂಡ ಮಹದೇವನಿಗೆ ಗುಂಡ್ಲುಪೇಟೆಯಲ್ಲಿ ಆಫೀಸು ಕೆಲಸ. ಮನೆಯ ಹಿಂದಿನ ಜಮೀನಿನಲ್ಲಿ, ಚೆಂಡುಹೂವಿನ ಹೊಲದ ಪಕ್ಕ, ಸುಧಾ ಮೊಟ್ಟೆ ಕೋಳಿಯ ಶೆಡ್ ಹಾಕಿಸಿದಳು. ಅವಳ ಮೊಟ್ಟೆಗಳು ನಮ್ಮ ನಿಮ್ಮ ಅಂಗಡಿಗೆ ಬರುವುದಿಲ್ಲ. ಸೆಲ್ವಂ ಎಂಬ ಡ್ರೈವರ್ ಅವನ್ನು ದಿಂಬಂ ಘಾಟಿ ಇಳಿಸಿಕೊಂಡು ತಮಿಳುನಾಡಿನ ಗೋಡೌನಿಗೆ ಒಯ್ಯುತ್ತಾನೆ. ಅಲ್ಲಿ ಆರಿಸಿ, ಒರೆಸಿ, ಡಬ್ಬಕ್ಕೆ ತುಂಬಿ ಬಂದರಿಗೆ ಕಳಿಸುತ್ತಾರೆ. ಅಲ್ಲಿಂದ ಹಡಗು. ಆಮೇಲೆ ಗಲ್ಫ್. ನಾವು ಅಕ್ಕತಂಗಿಯರು ಇನ್ನೂ ಹಡಗು ಹತ್ತಿಲ್ಲ. ಅವಳ ಮೊಟ್ಟೆಗಳು ವಾರ ವಾರ ಹತ್ತುತ್ತವೆ.

ಹಾಗಂತ ಹಡಗು ಹತ್ತುವುದು ಸುಲಭವೇ? ರಫ್ತು ಮಾಡುವವರು ಎಲ್ಲರ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಫಾರಂ ಸುತ್ತ ಬೇಲಿ ಬೇಕು. ಗೇಟಿನಲ್ಲಿ ಔಷಧಿ ನೀರಿನ ತೊಟ್ಟಿ ಬೇಕು, ಬಂದವರು ಕಾಲದ್ದಿಯೇ ಒಳಗೆ ಹೋಗಬೇಕು. ಆಸುಪಾಸಿನಲ್ಲಿ ಬೇರೆ ಕೋಳಿ ಓಡಾಡಬಾರದು. ಇದಕ್ಕಾಗಿ ಸುಧಾಳ ಅತ್ತೆ ಪುಟ್ಟತಾಯಮ್ಮ ತಮ್ಮ ನಾಟಿ ಕೋಳಿಗಳನ್ನೆಲ್ಲ ಮಗಳ ಮನೆಗೆ ಕಳಿಸಿಬಿಟ್ಟರು. ಮದುವೆಯಾಗಿ ಬಂದ ದಿನದಿಂದ ಹಿತ್ತಲಲ್ಲಿ ಕೋಳಿ ಸಾಕಿದ ಜೀವ. ಸೊಸೆಯ ಬಿಳಿ ಕೋಳಿಗಳಿಗಾಗಿ ತಮ್ಮ ಕೆಂಪು ಹುಂಜವನ್ನು ಬಿಟ್ಟುಕೊಟ್ಟದ್ದು ಸಣ್ಣ ಮಾತಲ್ಲ. ಅಷ್ಟೆಲ್ಲ ಆದ ಮೇಲೆ ಅವಳ ಫಾರಂ ರಫ್ತಿಗೆ ಆಯ್ಕೆಯಾಗಿತ್ತು.

ಈಗ ನೋಡಿದರೆ ಕೇರಳದ ಹಿನ್ನೀರಿನ ಕಡೆ ಬಾತುಕೋಳಿಗಳಿಗೆ ಹಕ್ಕಿ ಜ್ವರ ಬಂದಿದೆ ಎಂಬ ಸುದ್ದಿ. ಬೇಗೂರಿಗೂ ಆ ಹಿನ್ನೀರಿಗೂ ಎಲ್ಲಿಯ ಸಂಬಂಧ? ನಡುವೆ ಒಂದು ದಟ್ಟ ಕಾಡಿದೆ, ಒಂದು ಘಟ್ಟವಿದೆ, ಅರ್ಧ ಕೇರಳವಿದೆ. ಆದರೆ ಹಕ್ಕಿ ಜ್ವರದ ಗುಣವೇ ಬೇರೆ. ಅದು ಕೋಳಿಗೆ ತಗಲುವ ಮೊದಲೇ ಕಸ್ಟಮ್ಸಿಗೆ ತಗಲುತ್ತದೆ.

ಮಾರನೆಯ ದಿನ ಶನಿವಾರ, ಬೆಳಗಿನ ಶಾಲೆ. ಮುಗಿಸಿ ನೇರ ಬಸ್ಸು ಹತ್ತಿದೆ. ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿ ಬೇಗೂರಿನಲ್ಲಿ ಇಳಿದು, ಆಟೋದಲ್ಲಿ ಫಾರಂ ಮುಟ್ಟಿದಾಗ ಬಿಸಿಲು ಚುರುಗುಡುತ್ತಿತ್ತು. ಗೇಟಿನ ಮುಂದೆ ಬಂದವಳ ಕಾಲು ಅಲ್ಲೇ ನಿಂತಿತು.

ಗೇಟಿನ ತುಂಬ ಬೇವಿನ ಸೊಪ್ಪು. ಒಂದು ಕಡ್ಡಿಯಲ್ಲ, ಎರಡು ಕಡ್ಡಿಯಲ್ಲ. ಈ ಕಂಬದಿಂದ ಆ ಕಂಬದವರೆಗೆ ಹಸಿರು ಕೊಂಬೆಗಳನ್ನು ಸಾಲಾಗಿ ಕಟ್ಟಿದ್ದರು.

ನಮ್ಮ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದರೆ ಆ ಮನೆಯಲ್ಲಿ ಯಾರಿಗೋ ಅಮ್ಮ (ಸಿಡುಬು, ದಡಾರದಂಥದ್ದು) ಬಂದಿದೆ ಎಂದರ್ಥ. ಅಂಥ ಮನೆಯ ಬಾಗಿಲು ಬಡಿಯುವುದಿಲ್ಲ. ಹೆಸರು ಹಿಡಿದು ಕೂಗುವುದಿಲ್ಲ. ನೆಂಟರು ಬಂದ ದಾರಿಯಲ್ಲೇ ವಾಪಸಾಗುತ್ತಾರೆ. ಯಾರಿಗೆ ಬಂದಿದೆ, ಎಷ್ಟು ಜೋರಾಗಿದೆ ಎಂದು ಕೂಡ ಕೇಳುವುದಿಲ್ಲ. ಕೇಳದಿರುವುದೇ ಮರ್ಯಾದೆ.

ವೈರಸ್ಸಿನ ಚಿತ್ರವನ್ನು ಬೋರ್ಡಿನ ಮೇಲೆ ಬರೆದು, ಭಾಗಗಳನ್ನು ಗುರುತಿಸಿ, ಮಕ್ಕಳಿಗೆ ಪರೀಕ್ಷೆಯಲ್ಲಿ ಅದನ್ನೇ ಕೇಳುವವಳು ನಾನು. ಆ ಗೇಟಿಗೆ ಕೈ ಹಾಕಲು ನನಗೂ ಧೈರ್ಯ ಬರಲಿಲ್ಲ!

ಒಳಗಿನಿಂದ ಪುಟ್ಟತಾಯಮ್ಮ ನೋಡಿದರು. "ಅಲ್ಯಾಕ್ ನಿಂತ್ಕಂಡಿದ್ದೀಯವ್ವ? ಬಾ, ಕಾಲದ್ಕಂಡು ಬಾ. ಅದು ನಿಂಗ್ ಕಟ್ಟಿರದಲ್ಲ."

"ಮತ್ತೆ ಯಾರಿಗೆ ಕಟ್ಟಿದ್ದು ಅತ್ತೆ?"

"ಬರಬ್ಯಾಡ್ದೋರ್ಗೆ."

ಸುಧಾ ಶೆಡ್ಡಿನಿಂದ ಬಂದಳು. ಮನೆಯಿಂದ ಹಿತ್ತಲ ದಾರಿಯಲ್ಲೇ ಶೆಡ್ಡಿಗೆ ಹೋಗಿ ಬರುವವಳು ಅವಳು. ರಸ್ತೆ ಕಡೆಯ ಗೇಟನ್ನು ಹೊರಗಿನಿಂದ ನೋಡಿಯೇ ಇರಲಿಲ್ಲ. ಈಗ ನೋಡಿದಳು. ಗೇಟನ್ನು ನೋಡಿದಳು, ಅತ್ತೆಯನ್ನು ನೋಡಿದಳು, ಮತ್ತೆ ಗೇಟನ್ನು ನೋಡಿದಳು.

"ಅತ್ತೆ, ಇದ್ನ ಯಾವಾಗ ಕಟ್ಟಿದ್ರಿ?"

"ನೆನ್ನೆ ಒತ್ತಾರೆ. ನೀನೇ ಅಂದಲ್ಲವ್ವ, ಕೇರಳದಲ್ಲಿ ಜರ ಬಂದದ, ಒಬ್ರೂ ಒಳೀಕೆ ಬರ್ಬಾರ್ದು ಅಂತ."

"ಅದಕ್ಕೆ ಬೋರ್ಡ್ ಹಾಕಿಸಿದ್ನಲ್ಲ ಅತ್ತೆ."

"ಬೋರ್ಡ್ ಯಾರ್ ನೋಡರು ಬುಡು. ಒಡೆದಿರ ಮೊಟ್ಟೆ ಕೊಡಿ ಅಂತ ಒಬ್ಬ ಬತ್ತನೆ. ಗೊಬ್ಬರ ಕೇಳ್ಕಂಡು ಒಬ್ಬ ಬತ್ತನೆ. ಆಡು ಅಟ್ಕಂಡು ಒಬ್ಳು ಬತ್ತಳೆ. ಬೋರ್ಡಿನ್ ಮೇಲೇ ಟವಲ್ ಒಣಗಾಕ್ತರೆ. ಬೇವು ಕಟ್ದೆ ನೋಡು, ನೆನ್ನಿಂದ ಒಬ್ಬ ಸುಳಿದಿದ್ರೆ ಕೇಳು."

ನಿಜವೇ. ಒಬ್ಬನೂ ಸುಳಿದಿರಲಿಲ್ಲ. ಸೆಲ್ವಂ ಕೂಡ ಸುಳಿದಿರಲಿಲ್ಲ.

ಸುಧಾ ಅಲ್ಲೇ ತೊಟ್ಟಿಯ ಕಟ್ಟೆಯ ಮೇಲೆ ಕೂತುಬಿಟ್ಟಳು. ಅವಳಿಗೆ ಅತ್ತೆಯ ಮೇಲೆ ಸಿಟ್ಟು ಬಂದಿತ್ತು. ಆದರೆ ಬೈಯುವುದು ಏನೆಂದು? ಅವಳು ಹೇಳಿದ್ದನ್ನೇ ಅವರು ಮಾಡಿದ್ದರು, ಅವಳಿಗಿಂತ ಚೆನ್ನಾಗಿಯೇ ಮಾಡಿದ್ದರು.

ನನ್ನ ಫೋನಿನಿಂದ ಸೆಲ್ವಂಗೆ ಕರೆ ಮಾಡಿದೆವು. ಹೊಸ ನಂಬರೆಂದು ಎತ್ತಿದ, ಸುಧಾಳ ಅಕ್ಕ ಎಂದೆ. ಗಡಿಯಲ್ಲಿ ಓಡಾಡಿ ಓಡಾಡಿ ಕನ್ನಡ ಕಲಿತವನು. ನಮ್ಮ ಕನ್ನಡಕ್ಕೆ ತನ್ನ ತಮಿಳನ್ನು ಧಾರಾಳವಾಗಿ ಬೆರೆಸುತ್ತಾನೆ.

"ಅಕ್ಕಾ, ಸುಧಾಕ್ಕ ಹೆಂಗಿದ್ದಾರೆ? ಗೇಟ್‌ನಲ್ಲಿ ವೇಪ್ಪಿಲೆ ನೋಡ್ದೆ. ಹಾರ್ನ್ ಕೂಡ ಹೊಡೀಲಿಲ್ಲ. ಸೌಂಡ್ ಮಾಡ್ಬಾರ್ದು ಅಂತ ಗಾಡೀನ ರಿವರ್ಸ್‌ನಲ್ಲೇ ತಗೊಂಡ್ ಬಂದ್ಬುಟ್ಟೆ."

"ಒಂದು ಫೋನ್ ಮಾಡಿ ಕೇಳಬಾರದಿತ್ತೇನಪ್ಪ?"

"ಅದೆಂಗಕ್ಕಾ ಕೇಳೋದು? ವೇಪ್ಪಿಲೆ ಕಟ್ಟಿರೋ ಮನೆಗೆ ಫೋನ್ ಮಾಡಿ, ಏನಾಯ್ತು ಅಂತ ಯಾರಾದ್ರೂ ಕೇಳ್ತಾರಾ?"

"ಕೋಳಿಗಳೆಲ್ಲ ಸತ್ತೋದ್ವು ಅಂತ ಹರದನಹಳ್ಳಿ ಟೀ ಅಂಗಡೀಲಿ ಹೇಳಿದೆಯಂತೆ?"

"ಇಲ್ಲಕ್ಕಾ. ವೇಪ್ಪಿಲೆ ಕಟ್ಟವ್ರೆ ಅಂದೆ, ಅಷ್ಟೇ. ಟೀ ಕುಡ್ದೆ, ಹೋದೆ."

ಉಳಿದದ್ದನ್ನು ಟೀ ಅಂಗಡಿ ಸೇರಿಸಿತ್ತು. ಸೇರಿಸಿದ್ದು ಘಾಟಿ ಇಳಿದು ಗೋಡೌನ್ ಮ್ಯಾನೇಜರ್‌ವರೆಗೂ ಹೋಗಿತ್ತು. ಅವರಿಗೂ ಫೋನ್ ಮಾಡಿದೆವು. ಒಳ್ಳೆಯ ಮನುಷ್ಯ, ಆದರೆ ಅವರ ಕೈಯೂ ಕಟ್ಟಿಹೋಗಿತ್ತು. ಹೇಳಿದ್ದು ಇಷ್ಟು: ಒಂದು ದೇಶ ಆಗಲೇ ಬಾಗಿಲು ಹಾಕಿಯಾಗಿದೆ. ಇನ್ನೊಂದು ತೆಗೆದುಕೊಳ್ಳುತ್ತದೆ, ಆದರೆ ಪ್ರತಿ ಫಾರಂನಲ್ಲೂ ರೋಗವಿಲ್ಲ ಎಂದು ಡಾಕ್ಟರ್ ಹೊಸದಾಗಿ ಖಾತ್ರಿ ಮಾಡಬೇಕು. ನಿಮ್ಮ ಫಾರಂ ಬಗ್ಗೆ ಮಾತು ಬಂದಿದೆ. ಟೆಸ್ಟ್ ಮಾಡಿಸಿ. ಕ್ಲೀನ್ ಅಂತ ಬಂದರೆ ನೋಡೋಣ. ಬರದಿದ್ದರೆ ರಫ್ತಿನಿಂದ ನಿಮ್ಮನ್ನು ಕೈಬಿಡಬೇಕಾಗುತ್ತದೆ. ಈ ವಾರದ ಕಂಟೇನರ್ ಅಂತೂ ಹೊರಟುಹೋಯಿತು ಮೇಡಂ.

ಸುಧಾ ಫೋನ್ ನನ್ನ ಕೈಗೆ ಕೊಟ್ಟು ಶೆಡ್ಡಿನ ಕಡೆ ನೋಡಿದಳು. ಕಣ್ಣು ತುಂಬಿತ್ತು. "ಬೇಲಿ ಹಾಕಿಸ್ದೆ, ತೊಟ್ಟಿ ಕಟ್ಟಿಸ್ದೆ, ಅತ್ತೆ ಕೋಳೀನೂ ಓಡಿಸ್ದೆ. ಒಂದು ಸೊಪ್ಪಿಗೆ ಎಲ್ಲಾ ಹೋಯ್ತಲ್ಲಕ್ಕ."

ಪುಟ್ಟತಾಯಮ್ಮ ಎದ್ದು ಹೋಗಿ ಬೇವನ್ನು ಒಂದೊಂದೇ ಕೊಂಬೆಯಾಗಿ ಬಿಚ್ಚತೊಡಗಿದರು. ನನಗೆ ಇಬ್ಬರನ್ನೂ ನೋಡಿ ಸಂಕಟವಾಯಿತು.

ಬಸ್ಸಿನಲ್ಲಿ ವಾಪಸ್ಸು ಬರುವಾಗ ಯೋಚಿಸಿದೆ. ಸೆಲ್ವಂ ಮಾಡಿದ್ದರಲ್ಲಿ ತಪ್ಪೇನಿದೆ? ಒಂದು ಗುರುತು ಕಂಡ, ದೂರ ಸರಿದ. ಗಲ್ಫಿನ ಆ ದೇಶ ಮಾಡಿದ್ದೂ ಅದನ್ನೇ. ದೇಶದೇಶಗಳ ನಡುವಿನ ಈ ವ್ಯಾಪಾರದಲ್ಲಿ ಜಗಳವಿರುವುದು ಒಂದೇ ಒಂದು ವಿಷಯಕ್ಕೆ: ಎಷ್ಟು ದೂರ ಸರಿಯಬೇಕು? ಬೀದಿಯ ಒಂದು ಮನೆಗೆ ಅಮ್ಮ ಬಂದರೆ ಆ ಬೀದಿಗೇ ಕಾಲಿಡದವರು ಕೆಲವರು. ಆ ಮನೆಯೊಂದನ್ನು ಬಿಟ್ಟು ಪಕ್ಕದ ಮನೆಯಲ್ಲಿ ಕಾಫಿ ಕುಡಿದು ಬರುವವರು ಕೆಲವರು. ದೇಶಗಳೂ ಹಾಗೆಯೇ. ಒಂದು ದೇಶ ಭಾರತವೆಂದರೆ ಭಾರತ, ಪೂರ್ತಿ ಬೇಡ ಎನ್ನುತ್ತದೆ. ಇನ್ನೊಂದು ಆ ರಾಜ್ಯದ್ದು ಬೇಡ ಎನ್ನುತ್ತದೆ. ಮತ್ತೊಂದು ರೋಗ ಬಂದ ಜಾಗದ ಸುತ್ತ ಗೆರೆ ಎಳೆದು, ಗೆರೆಯಾಚೆಯದ್ದಾದರೆ ಕಳಿಸಿ ಎನ್ನುತ್ತದೆ. ಆ ಗೆರೆ ಎಲ್ಲಿ ಬೀಳುತ್ತದೆ ಎನ್ನುವುದರ ಮೇಲೆ ಬೇಗೂರಿನ ಒಬ್ಬ ಹೆಂಗಸಿನ ವರ್ಷ ನಿಂತಿರುತ್ತದೆ. ಗೆರೆ ಎಳೆಯುವವರಿಗೆ ಬೇಗೂರು ಎಲ್ಲಿದೆ ಎಂದಾದರೂ ಗೊತ್ತಿರುತ್ತದೆಯೇ? ನನಗೇನೋ ಅನುಮಾನ.

ಇನ್ನೊಂದು ಸಮಸ್ಯೆಯಿತ್ತು. ಹಡಗು ನಿಂತರೂ ಕೋಳಿ ನಿಲ್ಲುವುದಿಲ್ಲ. ಅದಕ್ಕೆ ಸ್ವಿಚ್ ಇಲ್ಲ. ಬಾಗಿಲು ಹಾಕಿದ ದೇಶಕ್ಕೆ ಹೋಗಬೇಕಿದ್ದ ಮೊಟ್ಟೆಗಳೆಲ್ಲ ಎಲ್ಲೆಡೆಯಿಂದ ಊರ ಮಾರುಕಟ್ಟೆಗೇ ಸುರಿದವು. ರೇಟು ಬಿತ್ತು. ಅದರ ಮೇಲೆ ಹೆದರಿಕೆ ಬೇರೆ. ಸಂತೆಮರಹಳ್ಳಿ ಸಂತೆಯಲ್ಲಿ ಮೊಟ್ಟೆಯವನನ್ನು ಜನ ಬೇಕೆಂದೇ ದೂರದಿಂದ ಬಳಸಿ ಹೋಗುತ್ತಿದ್ದರಂತೆ. ಸುಧಾ ನನ್ನ ಕೈಗೂ ಕೆಲವು ಟ್ರೇ ಕೊಟ್ಟು ಕಳಿಸಿದ್ದಳು. ಸ್ಟಾಫ್‌ರೂಮಿನಲ್ಲಿ ಇಟ್ಟೆ. "ತಂಗಿ ಫಾರಮ್ಮಿಂದಾ? ಬೇಗೂರಾ? ಅಯ್ಯೋ, ನಮ್ಮನೇಲಿ ಈ ತಿಂಗಳು ಯಾರೂ ತಿನ್ನಲ್ಲ ಮಿಸ್" ಎಂದರು ನಮ್ಮ ಗಣಿತದ ಮೇಷ್ಟ್ರು. (ಯಾವ ತಿಂಗಳೂ ಬಿಡದೆ ತಿನ್ನುವವರು.) ಎಲ್ಲವನ್ನೂ ಮನೆಗೆ ತಂದೆ. ನಮ್ಮ ಮನೆಯವರು ಬೆಳಿಗ್ಗೆ ಆಮ್ಲೆಟ್, ಮಧ್ಯಾಹ್ನ ಮೊಟ್ಟೆ ಸಾರು, ರಾತ್ರಿ ಬುರ್ಜಿ ತಿಂದು, ಕೊನೆಗೆ ಉಪ್ಪಿಟ್ಟು ಮಾಡಿಕೊಡು ಎಂದು ಕೈಮುಗಿದರು. ಉಪ್ಪಿಟ್ಟಿಗಾಗಿ ಗಂಡಸೊಬ್ಬ ಕೈಮುಗಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬೇಗೂರಿನಲ್ಲಿ ಪಶು ಡಾಕ್ಟರು ಬಂದರು. ಮೈತುಂಬ ಬಿಳಿ ಕೋಟು, ಮುಖಕ್ಕೆ ಮಾಸ್ಕು. ಕೋಳಿಗಳ ಗಂಟಲಿಗೆ ಹತ್ತಿಯ ಕಡ್ಡಿ ಹಾಕಿ ಸ್ಯಾಂಪಲ್ ತೆಗೆದರು. ಆ ವೇಷದಲ್ಲಿ ಅವರು ಗೇಟು ದಾಟಿದ್ದನ್ನು ರಸ್ತೆಯಲ್ಲಿ ಹೋಗುವವರೆಲ್ಲ ನೋಡಿದರು. ಅಲ್ಲಿಗೆ ಊರಿನ ಕೊನೆಯ ಅನುಮಾನವೂ ತೀರಿಹೋಯಿತು. "ಕೋಳಿ ಆರಾಮಾಗಿವೆ, ನೋಡಿದ್ರೇ ಗೊತ್ತಾಗುತ್ತೆ. ಚೆನ್ನಾಗಿ ಬೇಯಿಸಿದ ಮೊಟ್ಟೆಗೆ ಯಾವ ಭಯಾನೂ ಇಲ್ಲ" ಎಂದು ಡಾಕ್ಟರು ಹೇಳಿದ್ದು ಮಾತ್ರ ಯಾರಿಗೂ ಕೇಳಲಿಲ್ಲ.

ಕೇಳಿದ್ದು ಪುಟ್ಟತಾಯಮ್ಮನವರಿಗೆ.

ಮುಂದಿನದ್ದು ನಾನು ಕಂಡದ್ದಲ್ಲ, ಮಹದೇವ ಹೇಳಿದ್ದು. ಆತ ನಗು ತಡೆಯಲಾರದೆ ಫೋನಿನಲ್ಲಿ ಅರ್ಧರ್ಧ ಹೇಳಿದ. ಡಾಕ್ಟರು ಹೋದ ಸಂಜೆ ಅವನ ತಾಯಿ ಒಂದು ತಟ್ಟೆ ತುಂಬ ಬೇಯಿಸಿದ ಮೊಟ್ಟೆ ಇಟ್ಟುಕೊಂಡು ಬೀದಿ ಕಡೆಯ ಜಗಲಿಯ ಮೇಲೆ ಕೂತರಂತೆ. ಹೋಗುವವರು ಬರುವವರು ನೋಡುತ್ತಿರುವಂತೆ ಒಂದೊಂದೇ ಸುಲಿದು, ಉಪ್ಪು ಮೆಣಸು ಹಚ್ಚಿ, ನಿಧಾನವಾಗಿ ತಿನ್ನತೊಡಗಿದರಂತೆ.

"ಏನ್ ಪುಟ್ಟತಾಯಮ್ಮಾರೇ, ಜರ ಬಂದಿರ ಕೋಳಿ ಮೊಟ್ಟೆ ತಿಂತಿದ್ದೀರಲ್ಲ" ಎಂದು ಒಬ್ಬ ಕೇಳಿದನಂತೆ.

"ನಾಳೀಕೂ ಇಲ್ಲೇ ಕೂತಿರ್ತೀನಿ, ಬಂದು ನೋಡು. ನಾ ಸತ್ತಿದ್ರೆ ಕೋಳಿಗೆ ಜರ. ಬದ್ಕಿದ್ರೆ ನಿಮ್ಗೆ ಜರ" ಎಂದರಂತೆ ಅವರು.

ಮಾರನೆಯ ದಿನವೂ ಕೂತರು. ಅದರ ಮಾರನೆಯ ದಿನವೂ ಕೂತರು. ನೋಡಲು ಬಂದವರಿಗೆ ಕೈಗೊಂದು ಮೊಟ್ಟೆ ಕೊಟ್ಟರು. ಹಿರಿಯ ಹೆಂಗಸು ಕೈಯಾರೆ ಸುಲಿದು ಕೊಟ್ಟದ್ದನ್ನು ಬೇಡ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಆ ವಾರದ ಕೊನೆಗೆ ಊರಿನ ಅಂಗಡಿಯವನು ತಾನೇ ಬಂದು ಟ್ರೇ ಕೇಳಿಕೊಂಡು ಹೋದ. ನಷ್ಟವಾಗಲಿಲ್ಲ ಎಂದಲ್ಲ, ಆಯಿತು. ಆದರೆ ಹಳ್ಳ ತೋಡಿ ಮೊಟ್ಟೆ ಹೂಳುವ ಸ್ಥಿತಿ ಬರಲಿಲ್ಲ. ಬೇವಿನ ಸಿಟ್ಟಿಗೆ ಮಾತು ಬಿಟ್ಟಿದ್ದ ಸುಧಾ ಅತ್ತೆಯ ಜೊತೆ ಮತ್ತೆ ಮಾತಾಡತೊಡಗಿದಳು. ಮೊದಲ ಮಾತು, "ಇಷ್ಟೊಂದು ತಿನ್ಬೇಡಿ ಅತ್ತೆ, ಹೊಟ್ಟೆ ಕೆಡುತ್ತೆ" ಎಂಬುದಾಗಿತ್ತು.

ಲ್ಯಾಬಿನಿಂದ ಉತ್ತರ ಬಂತು. ರೋಗವಿಲ್ಲ.

ಸುಧಾ ನನಗೆ ಫೋನ್ ಮಾಡಿದಾಗ ನಾನು ತರಗತಿಯಲ್ಲಿದ್ದೆ. ಎತ್ತಬಾರದಿತ್ತು, ಎತ್ತಿದೆ. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ನಾನು ಮಾತ್ರ ಮಕ್ಕಳ ಮುಂದೆಯೇ ನಕ್ಕುಬಿಟ್ಟೆ. ಅವರೂ ನಕ್ಕರು, ಯಾಕೆಂದು ತಿಳಿಯದೆಯೇ.

ತಮಾಷೆ ಎಂದರೆ ಇದು. ಆ ಇನ್ನೊಂದು ದೇಶಕ್ಕೆ ಹೊಸ ಟೆಸ್ಟ್ ಬೇಕಿತ್ತಲ್ಲ, ಗೋಡೌನಿಗೆ ಮೊಟ್ಟೆ ಕೊಡುವ ಬೇರೆ ಫಾರಂಗಳಲ್ಲಿ ಹೆಚ್ಚಿನವು ಇನ್ನೂ ಡಾಕ್ಟರಿಗಾಗಿ ಕಾಯುತ್ತಿದ್ದವು. ಗಾಳಿಮಾತಿನ ದೆಸೆಯಿಂದ ಸುಧಾಳದ್ದು ಎಲ್ಲರಿಗಿಂತ ಮೊದಲು ಆಗಿಹೋಗಿತ್ತು. ಮ್ಯಾನೇಜರ್ ತಾವಾಗಿಯೇ ಫೋನ್ ಮಾಡಿ, "ಗಾಡಿ ಕಳಿಸ್ತೀನಿ ಮೇಡಂ, ಲೋಡ್ ರೆಡಿ ಇಡಿ" ಎಂದರು.

ಆ ದಿನ ನಾನೂ ಅಲ್ಲಿದ್ದೆ. ಭಾನುವಾರ ಬೆಳಿಗ್ಗೆ ಸೆಲ್ವಂ ಬಂದ. ಗೇಟಿನ ಹೊರಗೇ ನಿಂತು ಜೋರಾಗಿ, ಉದ್ದಕ್ಕೆ ಹಾರ್ನ್ ಹೊಡೆದ. ಚಕ್ರಗಳಿಗೆ ಔಷಧಿ ಸಿಂಪಡಿಸಿಕೊಂಡು ಒಳಗೆ ಬಂದವನೇ ಜೇಬಿನಿಂದ ಒಂದು ಸಣ್ಣ ಕಾಗದದ ಪೊಟ್ಟಣ ತೆಗೆದು ಪುಟ್ಟತಾಯಮ್ಮನ ಕೈಗಿಟ್ಟ. ಘಾಟಿಯ ಬುಡದಲ್ಲಿರುವ ಬಣ್ಣಾರಿ ಅಮ್ಮನ ಗುಡಿಯ ಕುಂಕುಮ.

"ಆವತ್ತು ವಾಪಸ್ ಹೋಗ್ವಾಗ ಕೋಳಿಗಳಿಗೋಸ್ಕರ ಬೇಡ್ಕೊಂಡಿದ್ದೆ ಪಾಟಿ" ಎಂದ. (ಪಾಟಿ ಎಂದರೆ ತಮಿಳಿನಲ್ಲಿ ಅಜ್ಜಿ.)

ಪುಟ್ಟತಾಯಮ್ಮ ಕುಂಕುಮವನ್ನು ಹಣೆಗಿಟ್ಟುಕೊಂಡರು. "ಕೋಳಿಗೆ ಏನೂ ಆಗಿರ್ನಿಲ್ವಲ್ಲಪ್ಪ."

"ಆಗಿಲ್ಲ ಅಲ್ವಾ? ಅದಕ್ಕೇ ಬೇಡ್ಕೊಂಡಿದ್ದು."

ಸೈನ್ಸ್ ಟೀಚರಾದ ನಾನು ಟ್ರೇ ಎತ್ತಿಕೊಟ್ಟೆ. ಒಂದು ಮೊಟ್ಟೆಯೂ ಒಡೆಯಲಿಲ್ಲ. ಗಾಡಿ ತುಂಬಿತು. ಸುಧಾಳ ಮುಖದಲ್ಲಿ ಆ ಬೆಳಿಗ್ಗೆ ಇದ್ದ ನೆಮ್ಮದಿಯನ್ನು ಅವಳ ಮದುವೆಯ ದಿನವೂ ನಾನು ಕಂಡಿರಲಿಲ್ಲ. (ಮಹದೇವ ಕ್ಷಮಿಸಬೇಕು.) ಎಲ್ಲರೂ ಜಗಲಿಯಲ್ಲಿ ಕೂತು ಬಿಸಿ ಬಿಸಿ ಇಡ್ಲಿ ತಿಂದೆವು. ಮೊಟ್ಟೆಯ ಹೆಸರನ್ನು ಯಾರೂ ಎತ್ತಲಿಲ್ಲ.

ಗಾಡಿ ಹೊರಡುವ ಮುಂಚೆ ಮ್ಯಾನೇಜರ್ ಮತ್ತೆ ಫೋನ್ ಮಾಡಿದರು. ಸುಧಾ ಸ್ಪೀಕರ್ ಹಾಕಿದಳು. ಅವರ ದನಿಯಲ್ಲಿ ಖುಷಿಯಿತ್ತು. ಗಲ್ಫಿಗೆ ಮೊಟ್ಟೆ ಕಳಿಸುವ ಇನ್ನೊಂದು ದೇಶದಲ್ಲಿ ಈಗ ಹಕ್ಕಿ ಜ್ವರವಂತೆ. ಅಲ್ಲಿಯ ಮೊಟ್ಟೆಯನ್ನು ನಿಲ್ಲಿಸಿದ್ದಾರಂತೆ. ಅಂಗಡಿಗಳಲ್ಲಿ ಸ್ಟಾಕ್ ಇಲ್ಲ, ಎಲ್ಲರೂ ನಮ್ಮನ್ನೇ ಕೇಳುತ್ತಿದ್ದಾರೆ. "ಡಿಮ್ಯಾಂಡ್ ಸೂಪರ್ ಮೇಡಂ. ಇನ್ನೊಂದು ಶೆಡ್ ಹಾಕ್ತೀರಾ?"

ಸುಧಾ ನಕ್ಕಳು. ಹಾಕುತ್ತೇನೆ ಎಂದಳು. ನಿಜಕ್ಕೂ ಸಂತೋಷದಿಂದಲೇ ಹೇಳಿದಳು. ಫೋನಿಟ್ಟು ಗೇಟಿನವರೆಗೆ ಹೋಗಿ ಸೆಲ್ವಂಗೆ ಕೈಬೀಸಿ ಬಂದಳು. ಆಮೇಲೆ ನನ್ನ ಪಕ್ಕ ಕೂತು, ಕೈಯ ಹೊಟ್ಟನ್ನು ಕೊಡವುತ್ತ ಮೆಲ್ಲಗೆ ಕೇಳಿದಳು:

"ಅಕ್ಕ, ಆ ದೇಶದಲ್ಲೂ ನನ್ನಂಥೋಳು ಒಬ್ಬಳು ಇರ್ತಾಳೆ ಅಲ್ವಾ? ಅವಳ ಟೆಸ್ಟ್ ಏನು ಬಂತೋ?"